ಗುರುಪಾದಸ್ವಾಮಿಯವರ ವಾಷಿಂಗ್ಟನ್ನೂ ನಮ್ಮಜ್ಜಿಯ ಎಡೆಯೂ

ಕನ್ನಡದಲ್ಲಿ ಅಮೆರಿಕದ ಚರಿತ್ರೆಯನ್ನು ಬರೆದವರೇ ಬೆರಳೆಣಿಕೆಯ ಮಂದಿ. ಅದರಲ್ಲೂ ಆ ದೇಶದ ಒಂದೇ ಒಂದು ರಾಜ್ಯವನ್ನು ಹಿಡಿದುಕೊಂಡು, ಎರಡನೆಯ ಮಹಾಯುದ್ಧವು ಅದನ್ನು ಹೇಗೆ ತನ್ನೊಳಗೆ ಎಳೆದುಕೊಂಡಿತು, ಎಳೆದುಕೊಂಡು ಹೇಗೆ ಗುರುತು ಸಿಗದಂತೆ ಮಾಡಿತು ಎಂಬುದೊಂದನ್ನೇ ತಮ್ಮ ವೃತ್ತಿಜೀವನದುದ್ದಕ್ಕೂ ಅಭ್ಯಾಸ ಮಾಡಿದವರು, ನಾನು ಬಲ್ಲಮಟ್ಟಿಗೆ, ಪ್ರೊ. ಗುರುಪಾದಸ್ವಾಮಿಯವರೊಬ್ಬರೇ. ಅವರು ಇದನ್ನೆಲ್ಲ ಮಾಡಿದ್ದು ಕೊಳ್ಳೇಗಾಲದಲ್ಲಿ ಕುಳಿತು, ಪಾಸ್‌ಪೋರ್ಟನ್ನೂ ಮಾಡಿಸದೆ. ‘ಎರಡನೆಯ ಮಹಾಯುದ್ಧ ಮತ್ತು ವಾಷಿಂಗ್ಟನ್ ರಾಜ್ಯ’ ಎಂಬ ಅವರ ಗ್ರಂಥವನ್ನು ಕೊಂಡವರಿಗಿಂತ ಉಡುಗೊರೆಯಾಗಿ ಪಡೆದವರೇ ಹೆಚ್ಚು. ಪಡೆದವರಲ್ಲಿ ಓದಿದವರು ಇನ್ನೂ ಕಡಿಮೆ. ಊರಿನವರು ಸಿಕ್ಕಾಗಲೆಲ್ಲ, “ಏನ್ ಸ್ವಾಮಿಯೋರೆ, ವಾಷಿಂಗ್ಟನ್‌ನಾಗೆ ಪ್ರೆಸಿಡೆಂಟ್ರು ಚೆನ್ನಾಗವ್ರಾ?” ಎಂದು ಕೆಣಕುತ್ತಿದ್ದರು. ಅವರು ಒಂದಿಷ್ಟೂ ಬೇಸರಪಡದೆ ಎರಡೂ ತೋಳುಗಳನ್ನು ಚಾಚಿ, ರಾಜಧಾನಿ ಈ ತುದಿ, ನನ್ನ ರಾಜ್ಯ ಆ ತುದಿ ಎಂದು ಪ್ರತಿಸಲವೂ ಹೊಸದಾಗಿ ವಿವರಿಸುತ್ತಿದ್ದರು.

ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ಬಯಸಿದ್ದು ಅವರ ಸೇವಾವಧಿಯ ಒಂದು ಪರಿಚಯ. ಅದನ್ನು ಕೊಡುತ್ತೇನೆ. ಆದರೆ ಇಂಥ ಗ್ರಂಥಗಳಲ್ಲಿ ನಾವೆಲ್ಲ ಬರೆಯುವ ಹೊಗಳಿಕೆಯನ್ನು ಓದಿದರೆ ನಾನು ಪುಟ ಮಗುಚಿಬಿಡುತ್ತೇನೆ, ಅವರೂ ಹಾಗೆಯೇ ಎಂದು ನನಗೆ ಗೊತ್ತು. ಮೇಲಾಗಿ, ಕಳೆದ ಮಹಾಲಯ ಅಮಾವಾಸ್ಯೆಯ ನಂತರ ಅವರು ಒಂದಕ್ಷರವನ್ನೂ ಬರೆದಿಲ್ಲ. ತಮ್ಮ ಎರಡನೆಯ ಪುಸ್ತಕವನ್ನು ಅರ್ಧಕ್ಕೇ ನಿಲ್ಲಿಸಿ ಕೂತಿದ್ದಾರೆ. ಅದಕ್ಕೆ ನಮ್ಮ ಮನೆಯೇ ಕಾರಣ. ಹೀಗಿರುವಾಗ ನಾನು ಅವರ ಗುಣಗಾನ ಮಾಡಿ ಕೈತೊಳೆದುಕೊಳ್ಳುವುದು ಹೇಗೆ?

ಯಳಂದೂರಿನ ಸಮೀಪದ ಹಳ್ಳಿಯೊಂದರ ಕಬ್ಬಿನ ಬೆಳೆಗಾರರ ಮನೆಯಲ್ಲಿ ಹುಟ್ಟಿದ ಗುರುಪಾದಸ್ವಾಮಿಯವರು ಮೈಸೂರಿನಲ್ಲಿ ಎಂ.ಎ. ಮಾಡುವಾಗ ಅಮೆರಿಕದ ಚರಿತ್ರೆಯನ್ನು ಆರಿಸಿಕೊಂಡದ್ದು ಆಸೆಯಿಂದೇನಲ್ಲ. ಆ ಪತ್ರಿಕೆಗೆ ಯಾರೂ ಇಲ್ಲವೆಂದು ಗುರುಗಳು ಇವರನ್ನು ಕೂರಿಸಿದರು. ಅಲ್ಲಿ, ಯಾವುದೋ ಪುಸ್ತಕದ ಅಂಚಿನ ಟಿಪ್ಪಣಿಯೊಂದರಲ್ಲಿ, ಹಣ್ಣಿನ ತೋಟಗಳನ್ನು ಬಿಟ್ಟು ಹೊರಟ ಕೆಲವು ರೈತರ ಪ್ರಸ್ತಾಪ ಬಂತಂತೆ. ಆ ರೈತರು ಏಕೆ ಹೊರಟರು ಎಂದು ಕೇಳಿದ್ದಕ್ಕೆ ಗುರುಗಳು, ಅದು ಪರೀಕ್ಷೆಗೆ ಬರುವುದಿಲ್ಲ ಎಂದರಂತೆ. ಆ ಉತ್ತರ ನಮ್ಮ ಮೇಷ್ಟ್ರನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಓಡಿಸಿತು.

ತೊಂಬತ್ತರ ದಶಕದ ನಡುವಿನಲ್ಲಿ ಅವರು ಕೊಳ್ಳೇಗಾಲದ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ನಾನು ಅವರ ತರಗತಿಯಲ್ಲಿ ಕುಳಿತದ್ದು ಅದಕ್ಕೆ ಹತ್ತು ವರ್ಷದ ಮೇಲೆ. ನಮ್ಮೂರು ಹೂಗ್ಯಂನಿಂದ ಬರುವ ಬಸ್ಸು ಎಂದೂ ಮೊದಲ ಪಿರಿಯಡ್ಡಿಗೆ ಮುಟ್ಟುತ್ತಿರಲಿಲ್ಲ; ಕಬ್ಬು ಅರೆಯುವ ಕಾಲದಲ್ಲಿ ಕುಂತೂರಿನ ಕಡೆಯವರನ್ನು ಕಬ್ಬು ಹೇರಿದ ಟ್ರ್ಯಾಕ್ಟರುಗಳು ದಾರಿಯಲ್ಲೇ ಹಿಡಿದುಹಾಕುತ್ತಿದ್ದವು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಗೋಳು ಹುಯ್ದುಕೊಳ್ಳುವುದೇ ಶಿಸ್ತು ಎಂದು ತಿಳಿದಿದ್ದವರು ಬೇಕಾದಷ್ಟು ಮಂದಿ ಇದ್ದರು. ಇವರು ಮಾತ್ರ ಪ್ರಿನ್ಸಿಪಾಲರ ಬೆನ್ನು ಬಿದ್ದು ತಮ್ಮ ಪಾಠವನ್ನು ಊಟದ ಹೊತ್ತಿಗೆ ಹಾಕಿಸಿಕೊಂಡು, ತಾವು ಊಟ ಬಿಟ್ಟರು. ಇದನ್ನು ಅವರು ಯಾರಿಗೂ ಹೇಳಿಕೊಂಡವರಲ್ಲ. ಅವರ ಪತ್ನಿ ಗುರುಬಸಮ್ಮನವರು ಡಬ್ಬಿ ಹಾಗೇ ವಾಪಸು ಬರುತ್ತದೆಂದು ಗೊಣಗಿದಾಗ ನಮಗೆ ತಿಳಿಯಿತು.

ಇನ್ನು ಅವರ ಪಾಠ. ಕಪ್ಪುಹಲಗೆಯ ಮೇಲೆ ಅಮೆರಿಕದ ವಾಯವ್ಯ ಮೂಲೆಯನ್ನು ಬರೆದು, ಕೊಲಂಬಿಯಾ ನದಿಯನ್ನು ಎಳೆದು, ಶುರುಮಾಡುತ್ತಿದ್ದರು. ಮರ ಕಡಿದು, ಮೀನು ಹಿಡಿದು, ಸೇಬು ಗೋಧಿ ಬೆಳೆದು ಬದುಕುತ್ತಿದ್ದ ಸೀಮೆ. ಯುದ್ಧ ನಡೆಯುತ್ತಿದ್ದದ್ದು ಎಲ್ಲೋ ಸಮುದ್ರದಾಚೆ. ೧೯೪೧ರ ಕೊನೆಯಲ್ಲಿ ಜಪಾನಿನ ವಿಮಾನಗಳು ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿದವು. ಅಲ್ಲಿ ಜಖಂಗೊಂಡ ಹಡಗುಗಳು ರಿಪೇರಿಗೆಂದು ಈ ರಾಜ್ಯದ ಬ್ರೆಮರ್ಟನ್ ಬಂದರಿಗೆ ಬಂದವು. ಸಿಯಾಟಲ್‌ನ ವಿಮಾನ ಕಾರ್ಖಾನೆ ಹಗಲೂ ರಾತ್ರಿ ಬಾಂಬರುಗಳನ್ನು ಮಾಡತೊಡಗಿತು. ಅಡುಗೆಮನೆಯಿಂದ ಎದ್ದುಬಂದ ಹೆಂಗಸರು ವಿಮಾನದ ತಗಡಿಗೆ ರಿವೆಟ್ಟು ಹೊಡೆದರು. ದಕ್ಷಿಣದ ರಾಜ್ಯಗಳಿಂದ ಕರಿಯ ಜನ ಕೆಲಸ ಹುಡುಕಿಕೊಂಡು ಬಂದು ನೆಲೆಸಿದರು. ಹೊಸ ಅಣೆಕಟ್ಟಿನ ವಿದ್ಯುತ್ತು ಗದ್ದೆಗೆ ನೀರೆತ್ತುವ ಮೊದಲು ವಿಮಾನದ ಅಲ್ಯೂಮಿನಿಯಂ ತಯಾರಿಸಲು ಹೋಯಿತು. ಮೇಲಿನಿಂದ ನೋಡುವ ಶತ್ರುವಿಗೆ ಕಾಣಬಾರದೆಂದು ಆ ಕಾರ್ಖಾನೆಯ ಸೂರಿನ ಮೇಲೆ ಬಟ್ಟೆಯ ಮರಗಳನ್ನೂ ಸುಳ್ಳು ಮನೆಗಳನ್ನೂ ಕಟ್ಟಿ ಒಂದು ಬಡಾವಣೆಯನ್ನೇ ಮಾಡಿದ್ದರು ಎಂದಾಗ ನಾವು ನಕ್ಕೆವು. ಅವರು ನಗಲಿಲ್ಲ. ಅದೇ ಹೊತ್ತಿನಲ್ಲಿ ಪಕ್ಕದ ಬೇನ್‌ಬ್ರಿಜ್ ದ್ವೀಪದಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದ ಜಪಾನಿ ಮೂಲದವರನ್ನು, ಅಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ಹೊರುವಷ್ಟು ಸಾಮಾನಿನೊಂದಿಗೆ ಸೈನಿಕರ ಕಾವಲಿನಲ್ಲಿ ಹಡಗು ಹತ್ತಿಸಿ ಬಂಧನ ಶಿಬಿರಕ್ಕೆ ಕಳಿಸಿದರು ಎಂದು ಮುಂದಿನ ವಾಕ್ಯದಲ್ಲೇ ಹೇಳಿದರು. ನಮ್ಮ ನಗು ಬಾಯಲ್ಲೇ ಉಳಿಯಿತು.

ಆಮೇಲೆ ಬರುತ್ತಿದ್ದದ್ದು ಅವರ ಜೀವಕ್ಕೆ ಅಂಟಿಕೊಂಡ ಭಾಗ. ೧೯೪೩ರಲ್ಲಿ, ಕೊಲಂಬಿಯಾ ನದಿಯ ದಂಡೆಯ ಹ್ಯಾನ್‌ಫರ್ಡ್, ವೈಟ್ ಬ್ಲಫ್ಸ್ ಎಂಬ ಊರುಗಳ ಜನಕ್ಕೆ ಜಾಗ ಖಾಲಿ ಮಾಡಬೇಕೆಂದು ನೋಟಿಸು ಬಂತು. ಪೀಚು, ಚೆರ್ರಿ ಹಣ್ಣಿನ ತೋಟದವರು ಅವರು. ಅರಣ್ಯ ಇಲಾಖೆಯನ್ನು ಕಂಡಿದ್ದ ಕಾಡಂಚಿನ ನಮಗೆ ನೋಟಿಸು ಎಂದರೇನೆಂದು ಬಿಡಿಸಿ ಹೇಳಬೇಕಿರಲಿಲ್ಲ. ಏಕೆ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ, ಯುದ್ಧದ ಕೆಲಸಕ್ಕೆ ಬೇಕು ಎಂಬುದಷ್ಟೇ. ತಲೆತಲಾಂತರದಿಂದ ಅಲ್ಲಿ ಮೀನು ಹಿಡಿಯುತ್ತಿದ್ದ ವಾನಾಪಮ್ ಬುಡಕಟ್ಟಿನವರೂ ನೆಲೆ ಬಿಡಬೇಕಾಯಿತು. ಊರಿನ ಸ್ಮಶಾನವನ್ನೂ ಅಗೆದು, ಹೂತವರನ್ನು ಇನ್ನೊಂದು ಊರಿಗೆ ಸಾಗಿಸಿದರು. ಅಲ್ಲಿ ಕಾರ್ಖಾನೆ ಕಟ್ಟಲು ಬಂದ ಹತ್ತಾರು ಸಾವಿರ ಕೆಲಸಗಾರರಿಗೂ ತಾವು ಏನು ಮಾಡುತ್ತಿದ್ದೇವೆಂಬುದು ಗೊತ್ತಿರಲಿಲ್ಲ. ಗೊತ್ತಾದದ್ದು ೧೯೪೫ರ ಆಗಸ್ಟಿನಲ್ಲಿ, ಅಣುಬಾಂಬು ಬಿದ್ದ ಮೇಲೆ, ಪತ್ರಿಕೆಗಳಿಂದ. ನಾಗಸಾಕಿಯನ್ನು ಸುಟ್ಟ ವಸ್ತು ಆ ತೋಟಗಳ ಜಾಗದಲ್ಲಿ ತಯಾರಾಗಿತ್ತು. ಆ ಮಣ್ಣನ್ನು ಇಂದಿಗೂ ಶುದ್ಧಮಾಡಿ ಮುಗಿದಿಲ್ಲ.

“ಇವರಿಗೆ ಯಾರೂ ದ್ವೇಷದಿಂದ ಸುಳ್ಳು ಹೇಳಲಿಲ್ಲ” ಎಂದು ಮೇಷ್ಟ್ರು ಕೊನೆಗೆ ಹೇಳುತ್ತಿದ್ದರು. “ಒಳ್ಳೆಯದಕ್ಕೇ ಎಂದುಕೊಂಡು ಅರ್ಧರ್ಧ ಹೇಳಿದರು. ನೀವು ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬೇಡಿ. ಚರಿತ್ರೆ ಓದಿದ್ದಕ್ಕೆ ಅಷ್ಟು ಮಾಡಿದರೆ ಸಾಕು.”

ಆ ವರ್ಷ ಅವರ ತಲೆಯಲ್ಲಿ ಎರಡನೆಯ ಪುಸ್ತಕ ಮೊಳೆಯುತ್ತಿತ್ತು: ಅದೇ ಯುದ್ಧವು ಆಗ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ನಮ್ಮ ಕೊಳ್ಳೇಗಾಲ ಸೀಮೆಗೆ ಏನು ಮಾಡಿತು? ಪ್ಯಾರಾಚೂಟಿಗೆಂದು ಇಲ್ಲಿನ ರೇಷ್ಮೆಗೆ ಬಂದ ಬೇಡಿಕೆ, ಅಂಗಡಿಯಲ್ಲಿ ಮಾಯವಾದ ಅಕ್ಕಿ, ಸೀಮೆಎಣ್ಣೆ ಎಲ್ಲ ಅವರಿಗೆ ಒಂದಷ್ಟು ತಿಳಿದಿತ್ತು. ಮನೆಗೆ ಹೋಗಿ ಹಿರಿಯರನ್ನು ಕೇಳಿ ಬನ್ನಿ, ಆ ಯುದ್ಧ ನಿಮ್ಮ ಮನೆಗೆ ಬಂದಿತ್ತೇ ಎಂದು ನಮಗೆ ಕೆಲಸ ಕೊಟ್ಟರು. ಮಾರನೆಯ ವಾರ ಎಲ್ಲರೂ ಇಲ್ಲ ಇಲ್ಲ ಎಂದರು. ನಾನು ಎದ್ದು ನಿಂತು, “ನಮ್ಮನೆಗೆ ಬಂದಿತ್ತು ಸಾ. ಇನ್ನೂ ಓಗಿಲ್ಲ” ಎಂದೆ. ಆ ಭಾನುವಾರವೇ ಅವರು ಬಸ್ಸು ಹತ್ತಿ ಹೂಗ್ಯಂಗೆ ಬಂದುಬಿಟ್ಟರು. ನಮ್ಮ ಜಗಲಿಯ ಮೇಲೆ ಕುಳಿತು, ನಮ್ಮ ಮನೆಯ ನೀರನ್ನು ಕೇಳಿ ಕುಡಿದರು. ಅವರ ಜಾತಿಯವರು ನಮ್ಮ ಬೀದಿಯಲ್ಲಿ ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಮ್ಮಜ್ಜಿ ಚಿಕ್ಕನಿಂಗಮ್ಮ ಹುಟ್ಟಿದ್ದು ಯುದ್ಧದ ನಡುವಿನಲ್ಲಿ. ಅವಳು ಇನ್ನೂ ಹೊಟ್ಟೆಯಲ್ಲಿರುವಾಗ ಅವಳ ಅಪ್ಪ, ಅಂದರೆ ನನ್ನ ಮುತ್ತಜ್ಜ ದೊಡ್ಡಮಾದಯ್ಯ, ಬರ್ಮಾ ಕಡೆಗೆ ರಸ್ತೆ ಮಾಡುವ ಪಡೆಗೆ ಆಳು ಬೇಕೆಂದು ಯಾರೋ ಬಂದು ಕರೆದಾಗ ಹೋದವನು. ಹೋದವನು ಸತ್ತನೆಂದೂ ಯಾರೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ. ಮುತ್ತಜ್ಜಿ ತಾಳಿ ತೆಗೆಯಲಿಲ್ಲ. ಬಳೆ ಒಡೆಯಲಿಲ್ಲ. ಹಣ್ಣುಹಣ್ಣು ಮುದುಕಿಯಾಗಿ ಸತ್ತಾಗ ಅವಳನ್ನು ಅರಿಸಿನ ಕುಂಕುಮ ಇಟ್ಟು ಮುತ್ತೈದೆಯಾಗಿಯೇ ಮಣ್ಣುಮಾಡಿದರು. ಅಜ್ಜಿ ಒಬ್ಬಳೇ ಮಗಳಾದ್ದರಿಂದ ಮನೆಅಳಿಯನನ್ನು ತಂದುಕೊಂಡಿದ್ದರು. ಹಾಗಾಗಿ ಮಹಾಲಯ ಅಮಾವಾಸ್ಯೆಯಲ್ಲಿ ಆ ಮನೆಯ ಸತ್ತ ಹಿರಿಯರಿಗೆ ಬಾಳೆಲೆಯ ಮೇಲೆ ಅವರಿಗಿಷ್ಟವಾದುದನ್ನೆಲ್ಲ ಬಡಿಸಿ ಎಡೆ ಇಡುವ ಹೊಣೆ ಅವಳದಾಯಿತು. ಅವಳು ಅಮ್ಮನಿಗೆ ಎಡೆ ಇಡುತ್ತಿದ್ದಳು. ಪಕ್ಕದಲ್ಲಿ ಅಪ್ಪನ ಎಲೆ ಇರುತ್ತಿರಲಿಲ್ಲ. ಅಮ್ಮನ ಅಪ್ಪಣೆ ಹಾಗಿತ್ತು.

“ತಿಳ್ದೋರು ಬಂದು ಎದುರ್ಗೆ ನಿಂತು ಏಳಗಂಟ ನಿಮ್ಮಪ್ಪುಂಗೆ ಎಡೆ ಇಕ್ಬೇಡ, ಬದುಕಿರೋನ್ಗೆ ಇಕ್ಕುದ್ರೆ ನಾವೇ ಕೊಂದಂಗೆ ಅಂದ್ಳು ನಮ್ಮವ್ವ” ಎಂದು ಅಜ್ಜಿ ಮೇಷ್ಟ್ರಿಗೆ ಹೇಳಿದಳು. “ಸತ್ತಿದ್ರೆ ಇಷ್ಟೊರ್ಸದಿಂದ ಅಸ್ಕಂಡು ತಿರುಗ್ತಾವ್ನೆ. ನೀವು ತಿಳ್ದೋರು. ಒಂದ್ ಮಾತ ಏಳಿ ಮೇಷ್ಟ್ರೇ, ಇಕ್ಲಾ, ಬ್ಯಾಡ್ವಾ?”

ಗುರುಪಾದಸ್ವಾಮಿಯವರು ದೊಡ್ಡಮಾದಯ್ಯನ ಹೆಸರನ್ನು ಬರೆದುಕೊಂಡು, “ಆಧಾರ ಹುಡುಕುತ್ತೇನೆ ಅಮ್ಮ. ಸಿಕ್ಕಿದ ದಿನ ನಾನೇ ಬಂದು ಹೇಳುತ್ತೇನೆ” ಎಂದರು.

ಇಲ್ಲಿ ಅವರು ಎಡವಿದರು ಎಂದು ನಾನು ಈ ಅಭಿನಂದನ ಗ್ರಂಥದಲ್ಲೇ ಬರೆಯುತ್ತೇನೆ. ಸಂಪಾದಕರು ಬೇಕಾದರೆ ತೆಗೆದುಹಾಕಲಿ. ಅವರು ಹುಡುಕಿದ್ದೇನೋ ನಿಜ. ಮದ್ರಾಸಿನ ದಾಖಲೆ ಕಚೇರಿಗೆ ಹೋದರು, ದೆಹಲಿಗೆ ಬರೆದರು, ಹೊರದೇಶದಲ್ಲಿ ಸೈನಿಕರ ಗೋರಿಗಳನ್ನು ನೋಡಿಕೊಳ್ಳುವವರಿಗೆ ಬರೆದರು. ಪಟ್ಟಿಗಳಲ್ಲಿ ಮಾದಯ್ಯಂದಿರು ಸಿಕ್ಕರು, ಮಾದನ್‌ಗಳು ಸಿಕ್ಕರು, ನಮ್ಮವನು ಸಿಗಲಿಲ್ಲ. ತಮ್ಮ ರಜೆಯನ್ನೆಲ್ಲ ಹೀಗೆ ಕಳೆದರು. ಪ್ರತಿವರ್ಷ ಅಮಾವಾಸ್ಯೆಗೆ ಮೊದಲು ತಪ್ಪದೆ ಬಂದು, ಇನ್ನೂ ಸಿಕ್ಕಿಲ್ಲ ಅಮ್ಮ ಎಂದು ಹೇಳಿ ಹೋಗುತ್ತಿದ್ದರು. ಆದರೆ ಅವರು ಬರುವುದಕ್ಕೆ ಮುಂಚೆ ಅಜ್ಜಿಗೆ ಇದ್ದದ್ದು ಬರೀ ದುಃಖ; ಅವರು ಹುಡುಕುತ್ತೇನೆ ಎಂದ ಮೇಲೆ ಅದಕ್ಕೆ ಕಾಯುವುದೂ ಸೇರಿಕೊಂಡಿತು. ಹಬ್ಬ ಹತ್ತಿರವಾಗುತ್ತಿದ್ದಂತೆ ಅವಳು ಬಸ್ಸಿನ ಸದ್ದಿಗೆಲ್ಲ ಎದ್ದು ಬಾಗಿಲಿಗೆ ಬರುತ್ತಿದ್ದಳು.

ನಾನು ಅವರ ಕೃಪೆಯಿಂದಲೇ ಎಂ.ಎ. ಓದಿ, ಹನೂರಿನಲ್ಲಿ ಚರಿತ್ರೆಯ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ, ಒಮ್ಮೆ ಅವರ ಮನೆಗೇ ಹೋಗಿ ಜಗಳವಾಡಿದೆ. ಆ ಮನುಷ್ಯ ಬದುಕಿದ್ದರೆ ನೂರು ದಾಟಿರಬೇಕು ಸರ್, ಸತ್ತಿದ್ದಾನೆಂದು ಹೇಳಲು ಯಾವ ಆಧಾರ ಬೇಕು ಎಂದೆ. ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಸತ್ತಿದ್ದಾರೆ ಎಂದಷ್ಟೇ ಹೇಳಿದರೆ ಅವರು ಬಿಡುತ್ತಾರೆಯೇ ಪದ್ಮಿನಿ? ಎಲ್ಲಿ, ಹೇಗೆ ಎನ್ನುತ್ತಾರೆ. ಅಲ್ಲಿಂದ ಮುಂದೆ ನಾನು ಕತೆ ಕಟ್ಟಬೇಕು. ಆ ತೋಟದವರಿಗೆ ಅಧಿಕಾರಿಗಳು ಹೇಳಿದ್ದಕ್ಕೂ ನಾನು ಹೇಳುವುದಕ್ಕೂ ಆಮೇಲೆ ಏನು ವ್ಯತ್ಯಾಸ?” ನಾನು ಅಜ್ಜಿಯ ಬಳಿ ಹೋಗಿ, ವಯಸ್ಸಿನ ಲೆಕ್ಕದಲ್ಲೇ ನೋಡು, ಎಡೆ ಇಟ್ಟುಬಿಡು ಎಂದೆ. “ವಯಸ್ಸಿನ್ ಲೆಕ್ಕ ಆಕಿ ಎಡೆ ಇಕ್ಕಕಾಯ್ತದಾ? ಒಬ್ರು ಬಾಯ್ಬುಟ್ಟು ಏಳ್ಬೇಕು” ಎಂದಳು. ಇಬ್ಬರೂ ಮೊಂಡರು. ಇಬ್ಬರ ಮಧ್ಯೆ ನಾನು ಅರೆದುಹೋದೆ.

ಕಳೆದ ವರ್ಷ ಶ್ರಾವಣದಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಗಂಜಿಯೂ ಒಳಗಿಳಿಯುತ್ತಿರಲಿಲ್ಲ. ಈ ಸಲದ್ದು ದಾಟಿದರೂ ಇನ್ನೊಂದು ಮಹಾಲಯವನ್ನು ಅವಳು ಕಾಣುವುದಿಲ್ಲವೆಂದು ನಮಗೆಲ್ಲ ಗೊತ್ತಾಗಿತ್ತು, ಅವಳಿಗೂ. ಇದನ್ನು ಮೇಷ್ಟ್ರಿಗೆ ಫೋನಿನಲ್ಲಿ ತಿಳಿಸಿದೆ, ಬೇರೇನೂ ಕೇಳಲಿಲ್ಲ. ಅಮಾವಾಸ್ಯೆಯ ದಿನ ಬೆಳಿಗ್ಗೆಯ ಬಸ್ಸಿಗೆ ಬಂದರು. ಒಳಗೆ ಮುತ್ತಜ್ಜಿಗೆ ಎಲೆ ಹಾಕಿ, ಕಜ್ಜಾಯ, ವಡೆ, ಎಲೆಅಡಿಕೆ ಜೋಡಿಸುತ್ತಿದ್ದೆ. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದೆವು. ಮೇಷ್ಟ್ರು ಚಪ್ಪಲಿ ಬಿಟ್ಟು, ಕೂರಲು ಹೇಳಿದರೂ ಕೂರದೆ, ಅವಳೆದುರು ಬಂದು ನಿಂತರು.

“ಅಮ್ಮ, ನಿಮ್ಮ ತಂದೆಯವರು ತೀರಿಕೊಂಡರು. ನನಗೆ ಗೊತ್ತಾಗಿದೆ.”

ನನ್ನ ಕೈ ನಿಂತಿತು. ಆಧಾರ ಸಿಕ್ಕಿದ್ದರೆ ಅವರು ನನಗೆ ಮೊದಲು ಹೇಳುತ್ತಿದ್ದರು.

“ಎಲ್ಲಿ ಮೇಷ್ಟ್ರೇ?”

“ಬರ್ಮಾದ ದಾರಿಯಲ್ಲಿ. ರಸ್ತೆ ಕೆಲಸ ಮಾಡುವಾಗ ಜ್ವರ ಬಂದಿತ್ತು.”

“ಮಗ್ಗುಲಲ್ಲಿ ಯಾರಾದ್ರೂ ಇದ್ರಾ?”

“ಇದ್ದರು. ನಮ್ಮ ಕಡೆಯವರೇ ಒಬ್ಬರು. ನೀರು ಕುಡಿಸಿದರು.”

“ಮಣ್ಮಾಡುದ್ರಾ, ಅಂಗೇ ಬುಟ್ಟೋದ್ರಾ?”

“ಮಣ್ಣು ಮಾಡಿದರು ಅಮ್ಮ.”

ಅಡಿಟಿಪ್ಪಣಿಯಿಲ್ಲದ ಒಂದು ವಾಕ್ಯಕ್ಕೆ ಇಡೀ ಅಧ್ಯಾಯವನ್ನು ತಿರುಗಿ ಬರೆಸುತ್ತಿದ್ದ ಮನುಷ್ಯ ಇವರು. ಅಜ್ಜಿ ಕಣ್ಣು ಮುಚ್ಚಿಕೊಂಡು ಇನ್ನೊಂದು ಎಲೆ ಹಾಕಲು ನನಗೆ ಸನ್ನೆ ಮಾಡಿದಳು. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು: “ನಮ್ಮಪ್ಪುಂಗೆ ತಿನ್ನಕೇನಿಷ್ಟ ಮೇಷ್ಟ್ರೇ? ನಾನು ಕಂಡೋಳಲ್ಲ. ಎಡೆಗೆ ಏನಿಕ್ಲಿ?”

ಗುರುಪಾದಸ್ವಾಮಿಯವರ ತುಟಿ ಅಲುಗಿತು. ಈಗಲೂ ಏನಾದರೊಂದು ಹೇಳಿಬಿಡಬಹುದಿತ್ತು, ಬೆಲ್ಲದನ್ನ ಎಂದೋ, ಬೀಡಿ ಎಂದೋ. “ಗೊತ್ತಿಲ್ಲ ಅಮ್ಮ” ಎಂದರು.

“ಎಲ್ಲಾದ್ರಲ್ಲೂ ವಸಿವಸಿ ಇಕ್ಕವ್ವ” ಎಂದಳು ಅಜ್ಜಿ ನನಗೆ.

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮಲ್ಲಿ ವಾಡಿಕೆ. ಅಜ್ಜಿಯನ್ನೂ ಚಾಪೆಸಮೇತ ಜಗಲಿಗೆ ಎತ್ತಿ ತಂದೆವು. ಮೇಷ್ಟ್ರು ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. ಮುಖ ನನಗೆ ಕಾಣಲಿಲ್ಲ. ಬಾಗಿಲು ತೆಗೆಯುವ ಮೊದಲೇ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು.

ಅಜ್ಜಿ ಕಾರ್ತಿಕದಲ್ಲಿ ಹೋದಳು. ಆ ಅಮಾವಾಸ್ಯೆಯಿಂದ ಮೇಷ್ಟ್ರು ಎರಡನೆಯ ಪುಸ್ತಕವನ್ನು ಮುಟ್ಟಿಲ್ಲ. ನಿವೃತ್ತಿಯ ದಿನ ಕಾಲೇಜಿನಲ್ಲಿ ಮಾತನಾಡಲು ಎದ್ದು, ನಾಲ್ಕು ಜನಕ್ಕೆ ವಂದನೆ ಹೇಳಿ ಕುಳಿತರು. ಕಾರಣ ಕೇಳಿದರೆ, ಕಟ್ಟುಕತೆ ಹೇಳಿದ ಬಾಯಿ ಚರಿತ್ರೆ ಹೇಳಬಾರದು ಎನ್ನುತ್ತಾರೆ. ಸಿಕ್ಕಾಗಲೆಲ್ಲ ನನ್ನನ್ನು ಕೇಳುವುದು ಒಂದೇ: “ನಿಮ್ಮಜ್ಜಿ ನನ್ನನ್ನು ನಂಬಿಕೊಂಡೇ ಹೋದರೇ?” ಎದುರಿಗೆ ನಿಂತು ಉತ್ತರ ಕೊಡಲಾಗದೆ ಪ್ರತಿಸಲವೂ ಮಾತು ಬದಲಿಸಿದ್ದೇನೆ. ಆದ್ದರಿಂದ ಮೇಷ್ಟ್ರೇ, ಇಲ್ಲಿ ಬರೆಯುತ್ತಿದ್ದೇನೆ.

ನಂಬಲಿಲ್ಲ. ನೀವು ಬೀದಿಯ ತಿರುವು ದಾಟಿದ ಮೇಲೆ ಅಜ್ಜಿ ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇದು: “ಮೇಷ್ಟ್ರು ಏಳುದ್ರಲ್ಲಿ ಅದೊಂದೇ ಕಣವ್ವ ದಿಟ, ಗೊತ್ತಿಲ್ಲ ಅಂದ್ರಲ್ಲ ಅದು. ಮಿಕ್ಕುದ್ನ ನಂಗೋಸ್ಕರ ಏಳುದ್ರು. ಪಾಪ, ಬಾಯಿ ಒಣಗೋಗಿತ್ತು. ಆದ್ರೂ ಒಬ್ರು ಬಂದು ಎದುರ್ಗೆ ನಿಂತ್ರಲ್ಲ, ನಮ್ಮವ್ವುನ್ ಮಾತು ಮುಗೀತು.” ಆಮೇಲೆ ಅಪ್ಪನ ಎಲೆಯಿಂದ ಒಂದು ಚೂರು ಕಜ್ಜಾಯ ತರಿಸಿಕೊಂಡು ತಿಂದಳು. ಎಷ್ಟೋ ದಿನದ ಮೇಲೆ ಅವಳ ಗಂಟಲಲ್ಲಿ ಇಳಿದದ್ದು ಅದು.

ನೂರು ವರ್ಷ ಬಾಳಿರಿ ಎಂದು ಇಂಥ ಲೇಖನಗಳ ಕೊನೆಯಲ್ಲಿ ಹಾರೈಸುತ್ತಾರೆ. ನೂರು ದಾಟಿದವನೊಬ್ಬನನ್ನು ಕಾದು ಕಾದು ಸವೆದ ಮನೆಯವಳು ನಾನು. ಆ ಮಾತು ನನ್ನ ಬಾಯಲ್ಲಿ ಸರಾಗವಾಗಿ ಬರುವುದಿಲ್ಲ. ನಿಮ್ಮ ಕಣ್ಣು, ಕೈ, ಮಂಡಿ ಗಟ್ಟಿಯಾಗಿರಲಿ, ಗುರುಬಸಮ್ಮನವರ ಡಬ್ಬಿ ಇನ್ನು ಮೇಲಾದರೂ ಹೊತ್ತಿಗೆ ಸರಿಯಾಗಿ ಖಾಲಿಯಾಗಲಿ, ಕೊಳ್ಳೇಗಾಲ ಸೀಮೆಯ ಆ ಪುಸ್ತಕವನ್ನು ನೀವೇ ಮುಗಿಸುವಷ್ಟು ಆಯುಷ್ಯವನ್ನು ನಮ್ಮ ಬೆಟ್ಟದ ದೇವರು ಮಾದಪ್ಪ ಕೊಡಲಿ. ಬರೆಯಿರಿ ಸರ್. ದೊಡ್ಡಮಾದಯ್ಯನ ಹೆಸರು ಬರುವ ಪುಟದಲ್ಲಿ, ಇವನು ಏನಾದನೆಂದು ಗೊತ್ತಿಲ್ಲ ಎಂದೇ ಬರೆಯಿರಿ. ಎಡೆಯನ್ನು ನಾವು ಇಡುತ್ತೇವೆ.